ಹಿತ್ತಲ ಗೋಡೆಯಾಚೆ ಟರ್ಫ್ ಬಂದ ಮೇಲೆ

ನಮ್ಮ ಹಿತ್ತಲ ಗೋಡೆಗೆ ಅಂಟಿಕೊಂಡೇ ಇರುವ ಶಾಲೆ ಮೈದಾನದ ಟರ್ಫಿನಲ್ಲಿ, ಅಂದರೆ ಬಾಡಿಗೆಗೆ ಕೊಡುವ ಪ್ಲಾಸ್ಟಿಕ್ ಹುಲ್ಲಿನ ಆಟದ ಅಂಗಳದಲ್ಲಿ, ಈಗ ರಾತ್ರಿ ಒಂಬತ್ತೂವರೆಗೆ ಲೈಟ್ ಆರುತ್ತದೆ. ಶನಿವಾರ ಮಾತ್ರ ಹತ್ತು. ಮೊದಲು ಹನ್ನೊಂದೂವರೆ ಆದರೂ ಉರಿಯುತ್ತಿತ್ತು. ಹೇಗೆ ಆರಿಸಿದಿರಿ, ಕೋರ್ಟಿಗೆ ಹಾಕಿದಿರಾ, ಎಂಎಲ್‌ಎ ಕಡೆಯವರು ಯಾರಾದರೂ ಗೊತ್ತಾ ಅಂತ ಸುಮಾರು ಜನ ಕೇಳಿದ್ದಾರೆ. ನಾನು ಕೆಲಸ ಮಾಡುವ ಬ್ಯಾಂಕಿನ ಕೌಂಟರಿನಲ್ಲೂ ಕೇಳುತ್ತಾರೆ, ಮದುವೆ ಮನೆ ಊಟದ ಸಾಲಿನಲ್ಲೂ ಕೇಳುತ್ತಾರೆ. ನಿಂತಲ್ಲೇ ಅರ್ಧರ್ಧ ಹೇಳಿ ಹೇಳಿ ಸಾಕಾಗಿದೆ, ಹಾಗಾಗಿ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ.

ಶಾಲೆಯ ಹೆಸರು ಬರೆಯುವುದಿಲ್ಲ. ಜಗಳ ಒಂದು ದಡ ಸೇರಿದೆ, ಅವರ ವಾಚ್‌ಮನ್ ದಿನಾ ನಮಸ್ಕಾರ ಹೇಳುತ್ತಾರೆ, ಅದನ್ನು ಕೆಡಿಸಿಕೊಳ್ಳುವ ಆಸೆ ನನಗಿಲ್ಲ. ಮೈಸೂರಿನ ಕುವೆಂಪುನಗರದ ಕಡೆ ಅಂದರೆ ಸಾಕು.

ನಾವು ಈ ಮನೆ ತೆಗೆದುಕೊಳ್ಳುವಾಗ ಹಿಂದೆ ಮೈದಾನ ಇದೆ ಅನ್ನುವುದೇ ದೊಡ್ಡ ಖುಷಿ. ಬ್ರೋಕರ್ ಹಿಂದಿನ ಬಾಗಿಲು ತೆಗೆದು, "ನೋಡಿ ಮೇಡಂ, ಇಲ್ಲಿ ಯಾವತ್ತೂ ಬಿಲ್ಡಿಂಗ್ ಏಳಲ್ಲ, ಗಾಳಿ ಬೆಳಕು ಗ್ಯಾರಂಟಿ" ಅಂದಿದ್ದ. ಆಗ ಅದು ಕೆಮ್ಮಣ್ಣಿನ ಮೈದಾನ. ಒಂದು ಮೂಲೆಯಲ್ಲಿ ಖೋಖೋ ಕಂಬ, ಇನ್ನೊಂದು ಮೂಲೆಯಲ್ಲಿ ಲಾಂಗ್‌ಜಂಪಿನ ಮರಳು ಗುಂಡಿ, ಮಧ್ಯದಲ್ಲಿ ಬಾಕಿ ಎಲ್ಲ ಆಟ. ಬೆಳಿಗ್ಗೆ ಪ್ರೇಯರ್, ಆಮೇಲೆ ಪಿ.ಟಿ. ಪೀರಿಯಡ್ಡಿನ ವಿಷಲ್, ಸಂಜೆ ನಮ್ಮ ಬೀದಿ ಹುಡುಗರ ಕ್ರಿಕೆಟ್. ಗೇಟ್ ಹಾಕಿದ್ದರೆ ಕಾಂಪೌಂಡ್ ಹಾರುತ್ತಿದ್ದರು, ವಾಚ್‌ಮನ್ ನೋಡಿಯೂ ನೋಡದ ಹಾಗೆ ಇರುತ್ತಿದ್ದರು. ಫೆಬ್ರವರಿಯಿಂದ ಮಳೆ ಬೀಳುವ ತನಕ ಧೂಳು ಅಂದರೆ ಕೇಳಬೇಡಿ, ಒಣಗಲು ಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿ ಆಗಿರುತ್ತಿತ್ತು. ಗೋಡೆ ಮೇಲೆ ಒಂದು ತಲೆ ಎದ್ದು "ಆಂಟೀ, ಬಾಲ್..." ಅನ್ನುವುದು ದಿನಾ ಇದ್ದದ್ದೇ. ಸ್ಪೋರ್ಟ್ಸ್ ಡೇ ಹತ್ತಿರ ಬಂದರೆ ವಾರಗಟ್ಟಲೆ ಡ್ರಮ್ ಬಡಿತ. ಆದರೆ ಇದನ್ನೆಲ್ಲಾ ತೊಂದರೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಆರೂವರೆ ಏಳಕ್ಕೆ ಕತ್ತಲಾದರೆ ಎಲ್ಲಾ ತಾನಾಗಿಯೇ ನಿಲ್ಲುತ್ತಿತ್ತು, ಯಾರಿಗೂ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ದಸರಾ ರಜೆಯಲ್ಲಿ ಕೆಲಸ ಶುರುವಾಯಿತು. ಜೆಸಿಬಿ ಬಂತು, ಅರ್ಧ ಮೈದಾನಕ್ಕೆ ಜಲ್ಲಿ ಸುರಿದು ಮಟ್ಟ ಮಾಡಿದರು, ಮೇಲೆ ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿದರು, ಸುತ್ತ ಕಬ್ಬಿಣದ ಕಂಬ ನೆಟ್ಟು ಜಾಲರಿ ಕಟ್ಟಿದರು. ಮಕ್ಕಳಿಗೆ ಒಳ್ಳೆಯದಾಯಿತು ಅಂತ ನಾವೂ ಅಂದುಕೊಂಡೆವು. ಧೂಳು ತಪ್ಪಿತು ಅಂತ ನಮ್ಮತ್ತೆಗೆ ಬೇರೆ ಖುಷಿ. ದೀಪಾವಳಿ ಕಳೆದ ಮೇಲೆ ಗೇಟಿಗೆ ಫ್ಲೆಕ್ಸ್ ಕಟ್ಟಿದರು. ಫುಟ್ಬಾಲ್, ಬಾಕ್ಸ್ ಕ್ರಿಕೆಟ್ (ಜಾಲರಿಯೊಳಗೆ ಆಡುವ ಪುಟ್ಟ ಕ್ರಿಕೆಟ್), ಬುಕಿಂಗಿಗೆ ಈ ನಂಬರ್. ಹಗಲು ಶಾಲೆಗೆ, ಸಂಜೆ ಐದರ ಮೇಲೆ ಬಾಡಿಗೆಗೆ ಅಂತ ಆಗ ಗೊತ್ತಾಯಿತು. ಗಂಟೆಗೆ ಸಾವಿರದ ಆಸುಪಾಸು.

ಟರ್ಫಿನ ಪಕ್ಕ ಮನೆ ಇಲ್ಲದವರು "ಹುಡುಗರು ಆಡಿದರೆ ಏನ್ರೀ ತೊಂದರೆ" ಅನ್ನುತ್ತಾರೆ. ಹೇಳುತ್ತೇನೆ ಕೇಳಿ. ನಿದ್ದೆ ಕೆಡಿಸುವುದು ಕೂಗಾಟ ಅಲ್ಲ. ಕೂಗಾಟಕ್ಕೆ ಕಿವಿ ಹೇಗೋ ಒಗ್ಗಿಕೊಳ್ಳುತ್ತದೆ. ಒಗ್ಗದೇ ಇರುವುದು ಬಾಲು ಕಬ್ಬಿಣದ ಚೌಕಟ್ಟಿಗೆ ಬಡಿಯುವ ಸದ್ದು. ಠಣ್ ಅಂತ ಒಂದು ಸಲ, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಇನ್ನೇನು ಕಣ್ಣು ಹತ್ತಿತು ಅನ್ನುವಾಗ ಮತ್ತೆ ಠಣ್. ಮುಂದಿನದು ಯಾವಾಗ ಅಂತ ಕಾಯುತ್ತಾ ಮಲಗಿರುವುದೇ ಒಂದು ಶಿಕ್ಷೆ. ಜೊತೆಗೆ ರನೌಟಾ ಅಲ್ವಾ ಅಂತ ರಾತ್ರಿ ಹತ್ತೂಮುಕ್ಕಾಲಿಗೆ ನಡೆಯುವ ಪಂಚಾಯಿತಿ, ಅದರಲ್ಲಿ ಬರುವ ಬೈಗುಳ. ನನ್ನ ಮಗಳು ಆಗ ಎಸ್ಸೆಸ್ಸೆಲ್ಸಿ. ಟ್ರಿಗನಾಮೆಟ್ರಿಯ ಜೊತೆಗೆ ಅದನ್ನೂ ಕಲಿತಳು. ಆಟ ಮುಗಿದ ಮೇಲೂ ಮುಗಿಯುವುದಿಲ್ಲ. ಗೇಟಿನ ಹೊರಗೆ ಬೈಕ್ ಮೇಲೆ ಕೂತು ಇನ್ನರ್ಧ ಗಂಟೆ ಮ್ಯಾಚಿನ ವಿಮರ್ಶೆ, ಆಮೇಲೆ ಒಬ್ಬೊಬ್ಬನೇ ಕಿಕ್ ಹೊಡೆದು ಹೊರಡುವುದು. ಒಬ್ಬನ ಬೈಕಿನ ಸೈಲೆನ್ಸರ್ ಅಂತೂ ಕಂಪನಿಯದ್ದಲ್ಲ, ಅದು ಬೀದಿಗೆಲ್ಲಾ ಗೊತ್ತು.

ಲೈಟ್ ಕಾಟ ಬೇರೆ. ಎಂಟು ಕಂಬ, ಒಂದೊಂದಕ್ಕೆ ಎರಡೆರಡು ಎಲ್‌ಇಡಿ. ಆಚೆ ಬದಿಯ ನಾಲ್ಕು ಕಂಬದ ಲೈಟುಗಳು ನೇರ ನಮ್ಮ ಮನೆಗಳ ಕಡೆ ಮುಖ ಮಾಡಿದ್ದವು. ಅತ್ತೆಯ ರೂಮಿನ ಕಿಟಕಿಗೆ ದಪ್ಪ ಕರ್ಟನ್ ಹಾಕಿದೆವು. ಮೇಲಿನ ವೆಂಟಿಲೇಟರಿಗೆ ಏನು ಹಾಕುವುದು? ಅದರಿಂದ ಬಂದ ಬೆಳಕು ಎದುರು ಗೋಡೆಗೆ ಬಿದ್ದು, ಲೈಟ್ ಹಾಕದೇ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಅಂತ ಓದಬಹುದಿತ್ತು. ಅತ್ತೆಗೆ ಎಪ್ಪತ್ತೆಂಟು. ಎಂಟಕ್ಕೆ ಊಟ, ಒಂಬತ್ತಕ್ಕೆ ಮಲಗಿ ನಾಲ್ಕೂವರೆಗೆ ಏಳುವ ಜೀವ. ರಾತ್ರಿ ಕಣ್ಣಿಗೆ ಬೆಳಕು ಬಿದ್ದರೆ ನಿದ್ದೆ ತರುವ ಮೆಲಟೋನಿನ್ ಅನ್ನುವ ಹಾರ್ಮೋನು ಕಡಿಮೆ ಆಗುತ್ತದೆ, ನೀಲಿ ಅಂಶ ಜಾಸ್ತಿ ಇರುವ ಬಿಳಿ ಎಲ್‌ಇಡಿಯಲ್ಲಿ ಇನ್ನೂ ಹೆಚ್ಚು ಅಂತ ಡಾಕ್ಟರು ವಿವರಿಸಿದರು. ಅತ್ತೆ ಎಲ್ಲಾ ಕೇಳಿ, "ಅದಿರ್ಲಿ ಡಾಕ್ಟ್ರೇ, ಬೆಳಗಾಯ್ತು ಅಂತ ಕಾಗೆಗಳು ಹತ್ತು ಗಂಟೆ ರಾತ್ರೀಲಿ ಕೂಗ್ತಾವೆ, ಅದಕ್ಕೆ ಯಾವ ಮಾತ್ರೆ ಕೊಡ್ತೀರಿ?" ಅಂದರು. ನಿಜವೇ, ಹಿಂದಿನ ಹೊಂಗೆ ಮರದ ಕಾಗೆಗಳು ಪೂರ್ತಿ ತಲೆ ಕೆಡಿಸಿಕೊಂಡಿದ್ದವು.

ಬೀದಿಯವರು ಎಲ್ಲಾ ಒಂದಾಗಿ ಎದ್ದು ನಿಂತರು ಅಂತ ಬರೆಯಲು ನನಗೂ ಇಷ್ಟ. ಹಾಗೇನೂ ಆಗಲಿಲ್ಲ. ಮೈದಾನಕ್ಕೆ ಬೆನ್ನು ಕೊಟ್ಟ ನಮ್ಮ ಸಾಲಿನ ಮನೆಗಳಿಗೆ ಕಷ್ಟ, ಎದುರು ಸಾಲಿಗೆ ಅಷ್ಟೇನಿಲ್ಲ. ಮೂಲೆಯ ಬೇಕರಿಯವರಿಗೆ ರಾತ್ರಿ ವ್ಯಾಪಾರ ಎರಡು ಪಟ್ಟು ಆಗಿತ್ತು. ಪಿಜಿ ನಡೆಸುವವರು ತಮ್ಮ ಬೋರ್ಡಿನಲ್ಲಿ ಪಕ್ಕದಲ್ಲೇ ಟರ್ಫ್ ಇದೆ ಅಂತ ಬರೆಸಿಕೊಂಡಿದ್ದರು. ಇಬ್ಬರು ಮೂವರ ಮಕ್ಕಳು ಅದೇ ಶಾಲೆ, ಫೀಸು ಕಟ್ಟಿ ಎದುರು ಹಾಕಿಕೊಳ್ಳುವುದು ಹೇಗೆ ಅನ್ನುವ ಭಯ. ಇವರನ್ನೆಲ್ಲಾ ಸ್ವಾರ್ಥಿಗಳು ಅನ್ನಲಾರೆ. ನನ್ನ ಮನೆ ಎದುರು ಸಾಲಿನಲ್ಲಿದ್ದಿದ್ದರೆ ನಾನೂ ಸುಮ್ನೆ ಇರುತ್ತಿದ್ದೆನೋ ಏನೋ.

ಮೊದಲು ಹೋಗಿದ್ದು ಶಾಲೆಗೇ. ಪ್ರಿನ್ಸಿಪಾಲರು ಕೂರಿಸಿ ಕಾಫಿ ಕೊಟ್ಟು, "ಅದು ಮ್ಯಾನೇಜ್‌ಮೆಂಟ್ ಡಿಸಿಷನ್, ಟರ್ಫ್ ಗುತ್ತಿಗೆಗೆ ಕೊಟ್ಟಿದ್ದಾರೆ, ಅದಕ್ಕೂ ನಮಗೂ ಸಂಬಂಧ ಇಲ್ಲ" ಅಂದರು. ಫ್ಲೆಕ್ಸಿನ ನಂಬರಿಗೆ ಫೋನ್ ಮಾಡಿದರೆ ಆ ಹುಡುಗ, "ಜಾಗ ಸ್ಕೂಲಿಂದು ಮೇಡಂ, ಅವರನ್ನೇ ಕೇಳಿ" ಅಂದ. ಠಾಣೆಗೆ ಹೇಳಿದೆವು, 112ಕ್ಕೂ ಮಾಡಿದೆವು. ಗಾಡಿ ಬರುತ್ತಿತ್ತು, ಲೈಟ್ ಆರುತ್ತಿತ್ತು, ಗಾಡಿ ತಿರುಗಿ ಹೋದ ಹತ್ತು ನಿಮಿಷಕ್ಕೆ ಹೊತ್ತಿಕೊಳ್ಳುತ್ತಿತ್ತು. ಕಾರ್ಪೊರೇಟರ್ ಹತ್ತಿರ ಹೋಗೋಣ ಅಂದರೆ ಕಾರ್ಪೊರೇಟರೇ ಇಲ್ಲ. ಮಹಾನಗರಪಾಲಿಕೆಯ 65 ವಾರ್ಡುಗಳ ಸದಸ್ಯರ ಅವಧಿ 2023ರ ನವೆಂಬರಿಗೇ ಮುಗಿದಿತ್ತು. ಮಾಜಿಯವರು ಒಬ್ಬರು ಬಂದು ನೋಡಿ, "ಮಾತಾಡ್ತೀನಿ" ಅಂದು ಹೋದರು. ಮಾತಾಡಿರಲೂಬಹುದು.

ಆಗ ಎದುರು ಮನೆ ವಕೀಲರು ಒಂದು ಭಾನುವಾರ ಕೂತು ಕಾನೂನು ಬಿಡಿಸಿ ಹೇಳಿದರು. ಈ ಭಾಗ ಸ್ವಲ್ಪ ಉದ್ದ ಇದೆ, ಆದರೆ ಇಂಥ ತೊಂದರೆಯಲ್ಲಿ ಇರುವವರಿಗೆ ಇದೇ ಬೇಕಾಗುವುದು. ಹತ್ತು ಗಂಟೆ ರೂಲು ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಮೈಕು, ಸ್ಪೀಕರು, ವಾದ್ಯಗಳ ರೂಲು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಅವನ್ನು ಹಾಕುವಂತಿಲ್ಲ. ಬಾಯಲ್ಲಿ ಕೂಗುವುದಕ್ಕೆ, ಬಾಲು ಬಡಿಯುವುದಕ್ಕೆ ಹಾಗಂತ ನೇರ ಮಾತು ಇಲ್ಲ. ಆದರೆ ಅದೇ ನಿಯಮದಲ್ಲಿ ಪ್ರದೇಶಕ್ಕೆ ತಕ್ಕ ಮಿತಿ ಇದೆ. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ 45. ಆ ಮಿತಿಗಿಂತ 10 ಡೆಸಿಬೆಲ್ ಜಾಸ್ತಿ ಇದ್ದರೆ ದೂರು ಕೊಡಬಹುದು. 10 ಅಂದರೆ ಕಡಿಮೆ ಅನಿಸುತ್ತದೆ, ಆದರೆ ಕಿವಿಗೆ ಅದು ಹೆಚ್ಚು ಕಡಿಮೆ ಎರಡರಷ್ಟು ಜೋರು.

ಆಗ ನಾನು, "ಸಾರ್, ಸ್ಕೂಲಿನ ಸುತ್ತ ನೂರು ಮೀಟರ್ ಸೈಲೆಂಟ್ ಝೋನ್ ಅಲ್ವಾ? ಸೈಲೆಂಟ್ ಝೋನಿನಲ್ಲಿ ಸ್ಕೂಲೇ ಗಲಾಟೆ ಮಾಡಿದರೆ ಹೇಗೆ?" ಅಂತ ದೊಡ್ಡ ಪಾಯಿಂಟ್ ಸಿಕ್ಕಿದ ಹಾಗೆ ಕೇಳಿದೆ. ಅವರು ನಕ್ಕರು. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಂತ ಇರುವುದು ಹೌದು, ಆದರೆ 2017ರಲ್ಲಿ ತಿದ್ದುಪಡಿ ಬಂದು, ಸರ್ಕಾರ ಆ ಜಾಗವನ್ನು ಅಧಿಸೂಚನೆಯಲ್ಲಿ ಘೋಷಿಸಿದ್ದರೆ ಮಾತ್ರ ಅದು ವಲಯ ಅಂತಾಯಿತು. ಗೇಟಿನ ಪಕ್ಕ ಹಾರ್ನ್ ಹಾಕಬೇಡಿ ಅನ್ನುವ ಬೋರ್ಡ್ ಇದ್ದ ಮಾತ್ರಕ್ಕೆ ಆಗುವುದಿಲ್ಲ. ಇನ್ನು ಬೆಳಕಿಗಂತೂ ಈ ತರಹ ಇಷ್ಟೇ ಇರಬೇಕು ಅನ್ನುವ ನಿಯಮವನ್ನು ಅವರು ಎಲ್ಲೂ ತೋರಿಸಲಿಲ್ಲ. ಸಾರ್ವಜನಿಕ ಉಪದ್ರವ ಅಂತಲೇ ಹೋಗಬೇಕು, ಮೊದಲು ಅದಕ್ಕೆ ಸಿಆರ್‌ಪಿಸಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ ಇತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ 152, ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಮುಂದೆ ಹೋಗುವುದು. "ಅದು ಕೊನೆಗಿರಲಿ. ಮೊದಲು ಕಾಗದ ಕೂಡಿಸಿ" ಅಂದರು.

ಕಾಗದ ಕೂಡಿಸುವುದು ನನಗೆ ಬರುತ್ತದೆ. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷದ ಮೇಲಾಯಿತು, ಟಪಾಲಿನಲ್ಲಿ ಕೊಟ್ಟ ಅರ್ಜಿಗೆ ಸೀಲು ತಾರೀಖು ಹಾಕಿಸಿಕೊಳ್ಳದೆ ಎದ್ದು ಬಂದರೆ ಆ ಅರ್ಜಿ ಕೊಟ್ಟೇ ಇಲ್ಲ ಅಂತ ಲೆಕ್ಕ. ಮಗಳ ಫೋನಿಗೆ ಡೆಸಿಬೆಲ್ ಆ್ಯಪ್ ಹಾಕಿಕೊಂಡು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಫೋನ್ ಇಟ್ಟು ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ಎಷ್ಟು ಗಂಟೆ, ಎಷ್ಟು ಡೆಸಿಬೆಲ್, ಏನು ಸದ್ದು. ಹತ್ತು ಗಂಟೆ ಮೇಲೂ 60 ದಾಟುತ್ತಿತ್ತು. ಆ್ಯಪ್ ಅಳತೆ ಸಾಕ್ಷಿಗೆ ಬರುವುದಿಲ್ಲ, ಸರಿಯಾದ ಮೀಟರ್ ತಂದು ಅಳೆಯಬೇಕಾದವರು ಅಧಿಕಾರಿಗಳೇ. ಆದರೂ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆಯುವಾಗ "ತುಂಬಾ ಗಲಾಟೆ" ಅಂತ ಬರೆಯುವುದಕ್ಕೂ ಒಂದು ವಾರದ ಪಟ್ಟಿ ಲಗತ್ತಿಸುವುದಕ್ಕೂ ಬಹಳ ವ್ಯತ್ಯಾಸ ಇದೆ.

ಜೊತೆಗೆ ಮಾಹಿತಿ ಹಕ್ಕಿನಲ್ಲಿ ಎರಡು ಕಡೆ ಅರ್ಜಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಒಳಗೆ ಕೇಳಬೇಕು, ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ಒಂದರಲ್ಲಿ, ಈ ಜಾಗ ಸಿಎ ಸೈಟಾ, ಅಂದರೆ ಶಾಲೆಯಂಥ ಸಾರ್ವಜನಿಕ ಸೌಲಭ್ಯಕ್ಕೆ ಮೀಸಲಿಟ್ಟ ಜಾಗವಾ, ಆಗಿದ್ದರೆ ಯಾವ ಉದ್ದೇಶಕ್ಕೆ ಕೊಟ್ಟಿದ್ದೀರಿ ಅಂತ. ಇನ್ನೊಂದರಲ್ಲಿ, ಈ ವಿಳಾಸದಲ್ಲಿ ಕ್ರೀಡಾಂಗಣ ಬಾಡಿಗೆಗೆ ಕೊಡಲು ಉದ್ದಿಮೆ ಪರವಾನಗಿ ಕೊಟ್ಟಿದ್ದೀರಾ ಅಂತ. ಎರಡನೆಯದಕ್ಕೆ ಒಂದು ಸಾಲಿನ ಉತ್ತರ ಬಂತು, "ನೀಡಿರುವುದಿಲ್ಲ". ಮೊದಲನೆಯದಕ್ಕೆ 30 ದಿನ ಕಳೆದರೂ ಸುದ್ದಿ ಇಲ್ಲ, ಮೇಲ್ಮನವಿ ಹಾಕಿದ ಮೇಲೆ ಬಂತು. ಶಾಲೆ ನಡೆಸುವ ಉದ್ದೇಶಕ್ಕೆ ಗುತ್ತಿಗೆ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬಾಡಿಗೆ ಟರ್ಫ್ ಶಾಲೆಯ ಉದ್ದೇಶಕ್ಕೆ ಸೇರುತ್ತದಾ ಇಲ್ಲವಾ ಅನ್ನುವುದನ್ನು ವಾದ ಮಾಡುತ್ತಾ ಹೋದರೆ ವರ್ಷಗಟ್ಟಲೆ ಮಾಡಬಹುದು, ಆದರೆ ಆ ಕಾಗದ ನಮ್ಮ ಕೈಲಿದೆ ಅನ್ನುವುದು ಮ್ಯಾನೇಜ್‌ಮೆಂಟಿಗೆ ಗೊತ್ತಾದರೆ ಸಾಕಿತ್ತು.

ಇಷ್ಟಾದ ಮೇಲೆ ಎಲ್ಲರ ಸಹಿ ಹಾಕಿಸಿ ದೊಡ್ಡ ಮನವಿ ಕೊಡೋಣ ಅಂತಾಯಿತು. ಕೊನೆಮನೆಯ ರಿಟೈರ್ಡ್ ಪಿ.ಟಿ. ಮೇಷ್ಟ್ರ ಹತ್ತಿರ ಕರಡು ತೆಗೆದುಕೊಂಡು ಹೋದೆ. ಅವರು ಚಾಮುಂಡಿ ವಿಹಾರ ಕ್ರೀಡಾಂಗಣಕ್ಕೆ ವರ್ಷಾನುಗಟ್ಟಲೆ ಹುಡುಗರನ್ನು ಕರೆದುಕೊಂಡು ಹೋಗಿ ಓಡಿಸಿದವರು. ಕನ್ನಡಕ ಹಾಕಿಕೊಂಡು ಓದಿ, "ಮಕ್ಕಳ ಕಿರುಚಾಟ ಅಂತ ಬರೆದಿದ್ದೀಯಲ್ಲ, ಅದನ್ನ ಹೊಡೆದುಹಾಕು. ಅದಿದ್ರೆ ನಾನು ಸೈನ್ ಮಾಡಲ್ಲ ಕಣಮ್ಮ" ಅಂದರು. ಆ ಸಾಲು ಬರೆದವರು ನಾನಲ್ಲ, ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ, ಆದರೂ ಬೈಸಿಕೊಂಡಿದ್ದು ನಾನು. ಮೇಷ್ಟ್ರ ವಾದ ಏನೆಂದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿಯಲ್ಲೇ ಶಾಲೆ ಅಂದ ಮೇಲೆ ಆಟದ ಮೈದಾನ ಇರಬೇಕು ಅಂತಿದೆ, ಎಷ್ಟೋ ಶಾಲೆಗಳಿಗೆ ಮೈದಾನವೇ ಇಲ್ಲ, ಇರುವ ಶಾಲೆಯ ಮೇಲೆ ಬೀದಿಯವರು ಮಕ್ಕಳು ಕೂಗುತ್ತಾರೆ ಅಂತ ದೂರು ಕೊಟ್ಟರೆ ನಾಳೆ ಇನ್ನೊಬ್ಬ ಮೈದಾನ ಮುಚ್ಚಿ ಮೂರು ಮಹಡಿ ಕಟ್ಟಿಸುತ್ತಾನೆ. ಆಗ ನಿಮ್ಮ ಗಾಳಿ ಬೆಳಕೂ ಹೋಯಿತು.

ಇದು ನನಗೆ ನೂರಕ್ಕೆ ನೂರು ಸರಿ ಅನಿಸಿತು, ಈಗಲೂ ಅನಿಸುತ್ತದೆ. ಮಕ್ಕಳ ಸದ್ದು ಬೇರೆ, ಬಾಡಿಗೆಯ ಸದ್ದು ಬೇರೆ. ಮನವಿಯನ್ನು ಹೊಸದಾಗಿ ಬರೆದೆವು. ಶಾಲೆಯ ಅವಧಿಯಲ್ಲಿ, ಮಕ್ಕಳ ಆಟದಿಂದ, ಸ್ಪೋರ್ಟ್ಸ್ ಡೇಯಿಂದ ನಮಗೆ ಯಾವ ತಕರಾರೂ ಇಲ್ಲ ಅನ್ನುವುದು ಮೊದಲ ಸಾಲು. ಆಮೇಲೆ ಶಾಲೆ ಬಿಟ್ಟ ಮೇಲಿನ ಬಾಡಿಗೆ ಆಟದ ಬಗ್ಗೆ ಮಾತ್ರ. ಟರ್ಫ್ ಮುಚ್ಚಿ ಅಂತಲೂ ಬರೆಯಲಿಲ್ಲ. ಸಮಯ, ಲೈಟಿನ ಮುಖ, ಕಬ್ಬಿಣದ ಸದ್ದು, ಬೈಕು. ಈ ನಾಲ್ಕೇ. ಆ ಮೊದಲ ಸಾಲು ನೋಡಿ, ಅದೇ ಶಾಲೆಗೆ ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರೂ ಸಹಿ ಹಾಕಿದರು. ಬೇಕರಿಯವರೂ ಹಾಕಿದರು, ಅದೊಂದು ಆಶ್ಚರ್ಯ. ಪಿಜಿಯವರು ಹಾಕಲಿಲ್ಲ.

ಮನವಿಯ ಪ್ರತಿಗಳು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ, ಪಾಲಿಕೆಯ ವಲಯ ಕಚೇರಿಗೆ, ಠಾಣೆಗೆ, ಮಂಡಳಿಗೆ ಹೋದವು. ಶಾಲೆಗೆ ಕೊಟ್ಟ ಪ್ರತಿಗೆ ಮಾತ್ರ ಮಾಹಿತಿ ಹಕ್ಕಿನ ಎರಡೂ ಉತ್ತರ ಲಗತ್ತಿಸಿದ್ದೆ. ಮಾರನೇ ವಾರ ಮೀಟಿಂಗಿಗೆ ಕರೆ ಬಂತು.

ಮೀಟಿಂಗ್ ಆಗಿದ್ದು ಯುಕೆಜಿ ಕ್ಲಾಸಿನಲ್ಲಿ. ಯಾಕೆ ಅಲ್ಲಿ ಅಂತ ಗೊತ್ತಿಲ್ಲ, ಬೇರೆ ರೂಮುಗಳಲ್ಲಿ ಪರೀಕ್ಷೆಯ ತಯಾರಿ ಇರಬೇಕು. ಮ್ಯಾನೇಜ್‌ಮೆಂಟಿನ ಟ್ರಸ್ಟಿ, ವಕೀಲರು, ಮೇಷ್ಟ್ರು, ಎಲ್ಲರೂ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಆ ಪುಟ್ಟ ಕುರ್ಚಿಗಳಲ್ಲಿ. ಆ ಕುರ್ಚಿಯಲ್ಲಿ ಕೂತು ಯಾರಿಗೂ ಜೋರು ಮಾಡಲು ಆಗಲಿಲ್ಲ. ಟರ್ಫಿನ ಹುಡುಗನೂ ಬಂದಿದ್ದ. ಫೋನಿನಲ್ಲಿ ಒರಟಾಗಿ ಕೇಳಿಸಿದ್ದವನು ಎದುರಿಗೆ ನೋಡಿದರೆ ಇಪ್ಪತ್ತೇಳು ಇಪ್ಪತ್ತೆಂಟರ ಹುಡುಗ, ಮದ್ದೂರು ಕಡೆಯವನು. "ಅಕ್ಕಾ, ಬ್ಯಾಂಕಲ್ಲಿ ಸಾಲ ಮಾಡಿ ಹಾಕಿವ್ನಿ. ಸಂಜೆ ಏಳರಿಂದ ಹನ್ನೊಂದೇ ನಂಗೆ ಅನ್ನ. ಹಗಲೊತ್ತು ಆ ಹುಲ್ಮೇಲೆ ಕಾಲಿಡಕ್ಕಾಗಕಿಲ್ಲ, ಕಾದ ಕಾವಲಿ ಆಗೋಗಿರ್ತದೆ" ಅಂದ. ಅದು ಸುಳ್ಳಲ್ಲ. ಪ್ಲಾಸ್ಟಿಕ್ ಹುಲ್ಲು ಬಿಸಿಲಿಗೆ ಮಾಮೂಲಿ ಹುಲ್ಲಿಗಿಂತ ಬಹಳ ಜಾಸ್ತಿ ಕಾಯುತ್ತದೆ. ಮಾರ್ಚಿನಲ್ಲಿ ಶಾಲೆಯ ಮಕ್ಕಳನ್ನೇ ಮಧ್ಯಾಹ್ನ ಅದರ ಮೇಲೆ ಬಿಡುತ್ತಿರಲಿಲ್ಲ, ಉಳಿದರ್ಧ ಮಣ್ಣಿನಲ್ಲಿ ಆಡಿಸುತ್ತಿದ್ದರು. ಮೇಷ್ಟ್ರು ಇದನ್ನು ಕೇಳಿ ಟ್ರಸ್ಟಿಯ ಕಡೆ ನೋಡಿದರು, ಏನೂ ಅನ್ನಲಿಲ್ಲ.

ಸಾಲ ಅಂದ ತಕ್ಷಣ ನನ್ನ ಬ್ಯಾಂಕ್ ಬುದ್ಧಿ ಎಚ್ಚರವಾಯಿತು. "ನಿಮ್ಮ ಬುಕಿಂಗ್ ತೋರಿಸಿ" ಅಂದೆ. ಫೋನ್ ಕೊಟ್ಟ. ಎರಡು ತಿಂಗಳಿನದು ಹಿಂದೆ ಹಿಂದೆ ನೋಡುತ್ತಾ ಹೋದರೆ, ಆರರಿಂದ ಒಂಬತ್ತೂವರೆವರೆಗೆ ಭರ್ತಿ. ಹತ್ತರ ಮೇಲೆ ವಾರದ ದಿನಗಳಲ್ಲಿ ಅಲ್ಲೊಂದು ಇಲ್ಲೊಂದು, ಅದೂ ಡಿಸ್ಕೌಂಟಿನಲ್ಲಿ. ಹೆಚ್ಚಾಗಿ ಅದೇ ಒಂದು ತಂಡ. ಅಂದರೆ ನಮ್ಮ ನಿದ್ದೆ ಕೆಡುತ್ತಿದ್ದದ್ದು ಅವನಿಗೆ ಅಷ್ಟೇನೂ ದುಡ್ಡು ಬಾರದ ಹೊತ್ತಿನಲ್ಲಿ. ಕರೆಂಟ್ ಖರ್ಚು ಕಳೆದರೆ ಉಳಿಯುವುದು ಎಷ್ಟು ಅಂತ ಅಲ್ಲೇ ಬೋರ್ಡಿನ ಮೇಲೆ, ಆನೆ ಇಲಿ ಚಿತ್ರಗಳ ಕೆಳಗೆ, ಚಾಕ್‌ಪೀಸಿನಲ್ಲಿ ಲೆಕ್ಕ ಹಾಕಿದೆವು. ಹುಡುಗ ತಲೆ ಕೆರೆದುಕೊಂಡು, "ಬೆಳಿಗ್ಗೆ ಆರಕ್ಕೆ ಶುರು ಮಾಡಕ್ಕೆ ಬಿಟ್ರೆ ರಾತ್ರೀದು ಬಿಡ್ತೀನಿ" ಅಂದ. ಬೆಳಿಗ್ಗೆ ಆರು ಅಂದರೆ ಇನ್ನೇನು ಬೆಳಕು ಹರಿಯುವ ಹೊತ್ತು, ಲೈಟ್ ಹೆಚ್ಚು ಹೊತ್ತು ಬೇಡ, ನಮ್ಮ ಸಾಲಿನವರು ಅಷ್ಟು ಹೊತ್ತಿಗೆ ಎದ್ದಿರುತ್ತಾರೆ. ವಾಕಿಂಗ್ ಮಾಡುವವರು ಸ್ವಲ್ಪ ಗೊಣಗಿದರು. ಮಣ್ಣಿನ ಭಾಗ ಏಳೂವರೆವರೆಗೆ ಅವರಿಗೇ ಅಂತ ಇತ್ಯರ್ಥ ಆಯಿತು. ವಕೀಲರು ಬಿಡಲಿಲ್ಲ, ಎಲ್ಲವನ್ನೂ ಶಾಲೆಯ ಲೆಟರ್‌ಹೆಡ್ಡಿನಲ್ಲಿ ಬರೆಸಿ ಅಲ್ಲೇ ಸಹಿ ಹಾಕಿಸಿದರು.

ಲೈಟ್ ಸರಿ ಮಾಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ಎಲೆಕ್ಟ್ರಿಷಿಯನ್ ಏಣಿ ಹಾಕಿ ಆಚೆ ಬದಿಯ ಕಂಬ ಹತ್ತಿದ. ನಾನು ಅತ್ತೆಯ ರೂಮಿನಲ್ಲಿ, ಕಿವಿಯಲ್ಲಿ ಫೋನು. "ಮೇಡಂ, ಈಗ?" "ಇನ್ನೂ ಬೀಳ್ತಿದೆ." ಸ್ಪ್ಯಾನರ್ ತಿರುಗಿಸಿ ಲೈಟನ್ನು ಇನ್ನೊಂದು ಚೂರು ಬಗ್ಗಿಸಿದ. "ಈಗ?" ಗೋಡೆಯ ಬೆಳಕಿನ ಚೌಕ ಕ್ಯಾಲೆಂಡರಿನಿಂದ ಕೆಳಗೆ ಇಳಿಯಿತು. "ಇನ್ನೂ ಸ್ವಲ್ಪ." ಅತ್ತೆ ಮಂಚದ ಮೇಲೆ ಕೂತು, "ಅವನಿಗೆ ಹೇಳು, ಬಿದ್ದು ಗಿದ್ದಾನು" ಅನ್ನುತ್ತಿದ್ದರು. ಬಗ್ಗಿಸುವುದರಲ್ಲೇ ಮುಕ್ಕಾಲು ಪಾಲು ಬೆಳಕು ಹೋಯಿತು. ಉಳಿದದ್ದಕ್ಕೆ ಒಂದೊಂದು ಲೈಟಿನ ನೆತ್ತಿಗೂ ಕಪ್ಪು ತಗಡಿನ ಮರೆ ಕಟ್ಟಿದ. ಅವನೇ ವಿವರಿಸಿದ, ಕಂಬ ಗಿಡ್ಡ ಇದ್ದರೆ ದೂರಕ್ಕೆ ಬೆಳಕು ಬೀಳಿಸಲು ಲೈಟನ್ನು ಎತ್ತಿ ಅಡ್ಡ ಹಿಡಿಯಬೇಕಾಗುತ್ತದೆ, ಆಗ ಅದು ಪಕ್ಕದ ಮನೆಗೆ ಹೊಡೆಯುತ್ತದೆ. ಕಂಬ ಎತ್ತರ ಇದ್ದರೆ ಕೆಳಮುಖ ಮಾಡಬಹುದು. ದೊಡ್ಡ ಸ್ಟೇಡಿಯಮ್ಮಿನಲ್ಲಿ ಅಷ್ಟೆತ್ತರದ ಕಂಬ ಇರುವುದು ಅದಕ್ಕೂ ಹೌದು. ನಿಮ್ಮ ಪಕ್ಕ ಇನ್ನೂ ಕಂಬ ನೆಡುತ್ತಿದ್ದರೆ ಈಗಲೇ ಹೋಗಿ ಕೇಳಿ, ಆಮೇಲೆ ಬದಲಾಯಿಸಿ ಅಂದರೆ ಯಾರೂ ಬದಲಾಯಿಸುವುದಿಲ್ಲ.

ಸದ್ದಿಗೆ ಮಾಡಿದ್ದು ಇನ್ನೂ ಸುಲಭ. ನಮ್ಮ ಕಡೆಯ ಕಬ್ಬಿಣದ ಜಾಲರಿ ಬಿಚ್ಚಿ ನೈಲಾನ್ ಬಲೆಯನ್ನು ಸ್ವಲ್ಪ ಸಡಿಲ ಬಿಟ್ಟು ಕಟ್ಟಿದರು, ಕೆಳಗಿನ ಚೌಕಟ್ಟಿಗೆ ಹಳೇ ಟೈರಿನ ರಬ್ಬರ್ ಸುತ್ತಿದರು. ಠಣ್ ಅನ್ನುತ್ತಿದ್ದದ್ದು ಈಗ ಧಪ್ ಅನ್ನುತ್ತದೆ. ಬೈಕುಗಳು ಶಾಲೆಯ ಗೇಟಿನ ಒಳಗೆ, ಲೈಟ್ ಆರಿದ ಕಾಲು ಗಂಟೆಗೆ ಗೇಟ್ ಬೀಗ. ವಾಚ್‌ಮನ್‌ಗೆ ಈ ಕೆಲಸಕ್ಕೆ ಜಾಸ್ತಿ ಸಂಬಳ ಕೊಡಬೇಕು ಅಂತ ಮೇಷ್ಟ್ರು ಹಟ ಹಿಡಿದು ಅದನ್ನೂ ಬರೆಸಿದ್ದರು.

ಏಪ್ರಿಲ್‌ನಲ್ಲಿ ಮೊದಲ ಜೋರು ಮಳೆ ಬಿದ್ದಾಗ ಪಟ್ಟಿಯಲ್ಲಿ ಇಲ್ಲದ್ದು ಒಂದು ಹೊರಗೆ ಬಂತು. ಮೋರಿಯ ಅಂಚಿನಲ್ಲಿ ಸಾಸಿವೆ ಗಾತ್ರದ ಕರೀ ಕಾಳು, ಬೊಗಸೆ ಬೊಗಸೆ. ಹುಲ್ಲಿನ ಮಧ್ಯೆ ತುಂಬುವ ರಬ್ಬರ್ ಪುಡಿ ಅದು, ಹಳೇ ಟೈರು ಅರೆದು ಮಾಡುವುದು. ಮಕ್ಕಳ ಶೂಗಳಲ್ಲಿ ಬರುತ್ತದೆ, ಮಳೆ ನೀರಿನಲ್ಲಿ ಹರಿದು ಚರಂಡಿ ಸೇರುತ್ತದೆ, ಕರಗುವುದಿಲ್ಲ. ಯುರೋಪಿನ ಒಕ್ಕೂಟದವರು 2023ರಲ್ಲಿ ನಿಯಮ ತಂದು, 2031ರ ಹೊತ್ತಿಗೆ ಇಂಥ ಪುಡಿಯ ಮಾರಾಟ ನಿಲ್ಲಬೇಕು ಅಂದಿದ್ದಾರೆ. ನಮ್ಮ ಟರ್ಫಿನ ಹುಡುಗ ನೀರು ಹೊರಗೆ ಬರುವ ತೂತಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿದ. ಎರಡು ಮಳೆಗೆ ಅದು ಕಟ್ಟಿಕೊಂಡು ನೀರು ನಮ್ಮ ಗೋಡೆ ಬುಡದಲ್ಲಿ ನಿಂತಿತು. ಈಗ ಜಾಲರಿ ಮುಂದೆ ಒಂದು ಗುಂಡಿ ಮಾಡಿದ್ದಾನೆ, ಪುಡಿ ಅಲ್ಲಿ ತಂಗುತ್ತದೆ, ಅವನೇ ಮೊರದಲ್ಲಿ ಬಾಚಿ ವಾಪಸು ಹಾಕುತ್ತಾನೆ. ಪರವಾಗಿಲ್ಲ, ನಡೆಯುತ್ತಿದೆ.

ಎಲ್ಲಾ ಬಗೆಹರಿಯಿತಾ ಅಂದರೆ ಇಲ್ಲ. ಟೂರ್ನಮೆಂಟ್ ಇದ್ದ ಭಾನುವಾರ ಹತ್ತೂವರೆ ಆಗಿಯೇ ಆಗುತ್ತದೆ, ಐಪಿಎಲ್ ಸೀಸನ್ನಿನಲ್ಲಿ ಹುಡುಗರ ಮೈಮೇಲೆ ಏನೋ ಬಂದಿರುತ್ತದೆ. ಫೋನ್ ಮಾಡಿದರೆ "ಲಾಸ್ಟ್ ಓವರ್ ಅಕ್ಕಾ" ಅನ್ನುತ್ತಾನೆ. ಆ ಲಾಸ್ಟ್ ಓವರಿನಲ್ಲಿ ಎಷ್ಟು ಬಾಲ್ ಇರುತ್ತವೋ ಅವನಿಗೇ ಗೊತ್ತು.

ನನಗೆ ಇನ್ನೂ ಕಿರಿಕಿರಿ ಆಗುವುದು ಬೇರೆ ವಿಷಯಕ್ಕೆ. ಗೋಡೆ ಮೇಲೆ ತಲೆ ಎತ್ತಿ "ಆಂಟೀ, ಬಾಲ್" ಅನ್ನುತ್ತಿದ್ದ ನಮ್ಮ ಬೀದಿ ಹುಡುಗರು ಈಗ ಆಡುವುದು ರಸ್ತೆಯಲ್ಲಿ, ಕಾರು ಬಂದಾಗಲೆಲ್ಲಾ ವಿಕೆಟ್ ಎತ್ತಿಕೊಂಡು. ಇಸ್ತ್ರಿ ಅಂಗಡಿಯವರ ಮಗ, ಹೂ ಮಾರುವವರ ಮಗ, ಇವರು ಗಂಟೆಗೆ ಸಾವಿರ ಎಲ್ಲಿಂದ ತರಬೇಕು? ನಿದ್ದೆ, ಲೈಟು ಅಂತ ನಾವು ದೊಡ್ಡವರು ಓಡಾಡಿ ನಮ್ಮದನ್ನು ಗಿಟ್ಟಿಸಿಕೊಂಡೆವು, ಮೈದಾನ ಕಳೆದುಕೊಂಡವರು ಅವರು. ಮೇಷ್ಟ್ರು ಮೀಟಿಂಗಿನಲ್ಲೇ ಇದನ್ನು ಎತ್ತಿದ್ದರು. ಭಾನುವಾರ ಮಧ್ಯಾಹ್ನ ಮೂರರಿಂದ ಐದು ಬೀದಿಯ ಮಕ್ಕಳಿಗೆ ಟರ್ಫ್ ಪುಕ್ಕಟೆ ಅಂತ ಟ್ರಸ್ಟಿ ಒಪ್ಪಿದರು. ಮೂರಕ್ಕೆ ಆ ಹುಲ್ಲು ಹೇಗೆ ಕಾದಿರುತ್ತದೆ ಅಂತ ಒಪ್ಪಿದವರಿಗೂ ಗೊತ್ತು. ಹುಡುಗರು ಒಂದೆರಡು ವಾರ ಹೋದರು, ಆಮೇಲೆ ರಸ್ತೆಗೇ ವಾಪಸು ಬಂದರು.

ಟರ್ಫಿನ ಗುತ್ತಿಗೆ ಬರುವ ಏಪ್ರಿಲ್‌ನಲ್ಲಿ ಹೊಸದಾಗಿ ಬರೆಯುತ್ತಾರೆ. ಈಗಿರುವ ಸಮಯವನ್ನು ಗುತ್ತಿಗೆಯ ಕರಾರಿನಲ್ಲೇ ಸೇರಿಸಿ, ಮಕ್ಕಳ ಹೊತ್ತನ್ನು ಸಂಜೆ ಐದರಿಂದ ಏಳಕ್ಕೆ ಬದಲಾಯಿಸಿ ಅಂತ ಅರ್ಜಿ ಕೊಟ್ಟಿದ್ದೇವೆ. ಐದರಿಂದ ಏಳು ಒಳ್ಳೆ ಬಾಡಿಗೆ ಬರುವ ಹೊತ್ತು, ಹುಡುಗ ಈಗಲೇ ಮುಖ ಗಂಟು ಹಾಕಿಕೊಂಡಿದ್ದಾನೆ. ವಾರಕ್ಕೆ ಒಂದೇ ದಿನ, ಆ ದುಡ್ಡನ್ನು ಶಾಲೆ ಅವನ ಗುತ್ತಿಗೆಯಲ್ಲಿ ಕಳೆದುಕೊಡಲಿ ಅಂತ ನಮ್ಮ ಲೆಕ್ಕ. ಟ್ರಸ್ಟಿ ನೋಡೋಣ ಅಂದಿದ್ದಾರೆ. ಅರ್ಜಿಯ ನಮ್ಮ ಪ್ರತಿಗೆ ಸೀಲು ತಾರೀಖು ಹಾಕಿಸಿಕೊಂಡಿದ್ದೇನೆ.